ಹೆಬ್ಬಾಳದಿಂದ ಹಾಡೋನಹಳ್ಳಿಗೆ

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ವರ್ಷಕ್ಕೊಮ್ಮೆ ತನ್ನ ಕಾರ್ಯಕಲಾಪಗಳ ಲೆಕ್ಕ ಒಪ್ಪಿಸುವಾಗ ಅದನ್ನು ಬೋಧನೆ, ಸಂಶೋಧನೆ, ವಿಸ್ತರಣೆ ಎಂದು ಮೂರು ಭಾಗವಾಗಿ ವಿಂಗಡಿಸುವ ಪದ್ಧತಿಯುಂಟು. ಮೊದಲಿನ ಎರಡು ಯಾವ ವಿಶ್ವವಿದ್ಯಾನಿಲಯಕ್ಕಾದರೂ ಸಹಜವಾದ ಕರ್ತವ್ಯಗಳು. ಆದರೆ ಪ್ರಯೋಗಶಾಲೆಯಲ್ಲಿ ಹುಟ್ಟಿದ ಜ್ಞಾನವನ್ನು ದೊಡ್ಡಬಳ್ಳಾಪುರದ ಬೆದ್ದಲು ಹೊಲದವರೆಗೆ ಒಯ್ದು, ಅಲ್ಲಿ ಅದು ನಿಂತಿತೋ ಬಿದ್ದಿತೋ ಎಂಬುದನ್ನು ಕಣ್ಣಾರೆ ಕಂಡು ಬರತಕ್ಕ ಮೂರನೆಯ ಹೊಣೆಯನ್ನು ಹುಟ್ಟಿನಿಂದಲೇ ಹೊತ್ತುಕೊಂಡ ವಿದ್ಯಾಸಂಸ್ಥೆಗಳು ನಮ್ಮಲ್ಲಿ ವಿರಳ. ಈ ಮೂರು ಹೊಣೆಗಳು ಒಂದೇ ಸೂರಿನಡಿ ಬಂದು ಸೇರುವುದಕ್ಕೆ ಅರುವತ್ತೈದು ವರ್ಷಗಳು ಹಿಡಿದುವು.

ಆರಂಭವಾದದ್ದು 1899ರಲ್ಲಿ. ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತನ್ನ ಜನರಲ್ಲಿ ಐದನೆಯ ಒಂದು ಪಾಲಿನಷ್ಟನ್ನು ಕಳೆದುಕೊಂಡು ಎರಡು ದಶಕಗಳು ಸಂದಿದ್ದುವು. ಕೃಷಿ ರಸಾಯನಶಾಸ್ತ್ರಜ್ಞರಾಗಿ ನಿಯುಕ್ತರಾದ ಡಾ. ಅಡಾಲ್ಫ್ ಲೆಹಮನ್ ಅವರ ಪ್ರಯೋಗಗಳಿಗೆಂದು, ಆಗ ರಾಜಪ್ರತಿನಿಧಿಯಾಗಿ ರಾಜ್ಯಭಾರ ನಡೆಸುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೊಡಮಾಡಿದರು. ಮಣ್ಣನ್ನೂ ಗೊಬ್ಬರವನ್ನೂ ಪರೀಕ್ಷಿಸುವುದಕ್ಕಾಗಿ ಹುಟ್ಟಿದ ಆ ಸ್ಥಳದಲ್ಲಿ ಇನ್ನೂ ಪಾಠವಿರಲಿಲ್ಲ, ಶಿಷ್ಯರಿರಲಿಲ್ಲ.

1908ರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅವರಾದರೋ ಮೂರು ಕೆಲಸಗಳನ್ನೂ ತಮ್ಮೊಬ್ಬರಲ್ಲೇ ಅಡಗಿಸಿಕೊಂಡಿದ್ದವರು. ಮಲೆನಾಡಿನ ಅಡಕೆ ತೋಟಗಳಿಗೆ ಮಳೆಗಾಲದಲ್ಲಿ ತಗಲುತ್ತಿದ್ದ ಕೊಳೆರೋಗದ ಮೂಲವನ್ನು ಶೋಧಿಸಿದ ಅವರು, ಶೋಧನೆಯ ಫಲವನ್ನು ಪ್ರಬಂಧದಲ್ಲಿ ಬರೆದಿಟ್ಟು ಸುಮ್ಮನಾಗದೆ, ಮೈಲುತುತ್ತ ಮತ್ತು ಸುಣ್ಣವನ್ನು ಕೂಡಿಸಿದ ಬೋರ್ಡೊ ದ್ರಾವಣವನ್ನು ಗೊನೆಗೆ ಸಿಂಪಡಿಸುವ ವಿಧಾನವನ್ನು ತೋಟಿಗರಲ್ಲಿ ರೂಢಿಗೆ ತಂದರು. 1913ರಲ್ಲಿ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆಯೂ ತೆರೆಯಿತು. ಇಂದಿಗೂ ಶಿವಮೊಗ್ಗೆಯ ತೋಟಗಳಲ್ಲಿ ಮಳೆ ಹಿಡಿಯುವ ಮೊದಲು ಆ ದ್ರಾವಣ ಹೊಡೆಯುವುದು ತಪ್ಪಿಲ್ಲ.

ವ್ಯಕ್ತಿಯಲ್ಲಿ ಕೂಡಿದ್ದು ವ್ಯವಸ್ಥೆಯಲ್ಲಿ ಒಡೆದುಹೋಯಿತು. 1946ರಲ್ಲಿ ಹೆಬ್ಬಾಳದ ಶಾಲೆಯು ಕಾಲೇಜಾದಾಗ ಪದವಿ ಕೊಡುವ ಅಧಿಕಾರ ಮೈಸೂರು ವಿಶ್ವವಿದ್ಯಾನಿಲಯದ ಕೈಯಲ್ಲಿತ್ತು. ಸಂಶೋಧನಾ ಕ್ಷೇತ್ರಗಳು ಇಲಾಖೆಯ ವಶದಲ್ಲಿದ್ದುವು. ಹಳ್ಳಿಗೆ ಹೋಗಿ ಹೇಳತಕ್ಕವರು ಗ್ರಾಮಸೇವಕರು. ರಾಗಿಗೆ ರೋಗ ಬಿದ್ದಿದೆಯೆಂದು ಹೊಸಕೋಟೆಯ ರೈತನೊಬ್ಬ ಮೊರೆಯಿಟ್ಟರೆ ಆ ಮಾತು ಮೂರು ಕಚೇರಿಗಳ ಮೆಟ್ಟಿಲು ಹತ್ತಿಳಿಯಬೇಕಾಗಿತ್ತು. ಅಮೆರಿಕದಲ್ಲಿ 1862ರ ಮೊರಿಲ್ ಕಾಯಿದೆಯಿಂದ ಕೃಷಿಯ ಬೋಧನೆಯೂ, 1887ರ ಹ್ಯಾಚ್ ಕಾಯಿದೆಯಿಂದ ಪ್ರಯೋಗಕ್ಷೇತ್ರಗಳೂ, 1914ರ ಸ್ಮಿತ್-ಲೀವರ್ ಕಾಯಿದೆಯಿಂದ ವಿಸ್ತರಣೆಯೂ ಅನುಕ್ರಮವಾಗಿ ಒಂದೇ ಮಾದರಿಯ ವಿದ್ಯಾಲಯಗಳಿಗೆ ಬಂದು ಸೇರಿದ್ದುವು. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಆಯೋಗವು ಗ್ರಾಮೀಣ ವಿಶ್ವವಿದ್ಯಾನಿಲಯಗಳನ್ನು ಸ್ಥಾಪಿಸಬೇಕೆಂದು ಶಿಫಾರಸು ಮಾಡಿದ ಮೇಲೆ ಆ ಮಾದರಿ ನಮ್ಮ ದೇಶಕ್ಕೂ ಬಂದಿತು: ಮೊದಲು 1960ರಲ್ಲಿ ಪಂತನಗರಕ್ಕೆ, ಅನಂತರ, 1963ರ ಕಾಯಿದೆಯ ಮೂಲಕ, ನಮ್ಮ ರಾಜ್ಯಕ್ಕೆ.

1964ರ ಆಗಸ್ಟ್ 21ರಂದು ಉಪರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ಅವರಿಂದ ಉದ್ಘಾಟಿತವಾದ ವಿಶ್ವವಿದ್ಯಾನಿಲಯಕ್ಕೆ ಡಾ. ಕೆ. ಸಿ. ನಾಯಕ್ ಮೊದಲ ಕುಲಪತಿಗಳು. ಹೆಬ್ಬಾಳ ಮತ್ತು ಧಾರವಾಡದ ಕೃಷಿ ಕಾಲೇಜುಗಳು, ಹೆಬ್ಬಾಳದ ಪಶುವೈದ್ಯ ಕಾಲೇಜು ಮತ್ತು ನಾಡಿನುದ್ದಕ್ಕೂ ಹರಡಿದ್ದ 35 ಸಂಶೋಧನಾ ಕೇಂದ್ರಗಳು ಅದರ ಆಡಳಿತಕ್ಕೆ ಒಳಪಟ್ಟುವು. ಟೆನೆಸ್ಸೀ ವಿಶ್ವವಿದ್ಯಾನಿಲಯದ ನೆರವೂ ಒದಗಿತು. ಮುಂದೆ ಯಲಹಂಕದ ದಾರಿಯಲ್ಲಿ ಸುಮಾರು 1,300 ಎಕರೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ತಲೆಯೆತ್ತಿತು. ನಮ್ಮ ಜನ ಅದನ್ನು ಜಿಕೆವಿಕೆ ಎಂದೇ ಬಲ್ಲರು.

ಒಂದಾದುದರ ಫಲವನ್ನು ತಿಳಿಯಬೇಕಾದರೆ ರಾಗಿಯ ಕಥೆಯನ್ನು ನೋಡಬೇಕು. ರಾಗಿಯ ಹೂವು ಅತಿ ಸೂಕ್ಷ್ಮವಾದದ್ದು, ತನ್ನ ಪರಾಗದಿಂದಲೇ ತಾನು ಕಾಳುಕಟ್ಟುವಂಥದು; ಆದಕಾರಣ ಎರಡು ತಳಿಗಳನ್ನು ಕೂಡಿಸುವುದು ಅತ್ಯಂತ ತಾಳ್ಮೆಯ ಕೆಲಸ. ಮಂಡ್ಯದ ವಿ. ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ನಮ್ಮ ನೆಲದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ 'ಇಂಡಾಫ್' ಎಂಬ ತಳಿಮಾಲೆಯನ್ನೇ ಹೊರತಂದರು; ಜನ ಅವರನ್ನು ರಾಗಿ ಬ್ರಹ್ಮನೆಂದು ಕರೆದರು. ಇಳುವರಿಯ ಪ್ರಶ್ನೆ ಒಂದು ಹಂತಕ್ಕೆ ಬಂದ ಮೇಲೆ ಹೊಲದಿಂದ ಇನ್ನೊಂದು ಪ್ರಶ್ನೆ ಎದ್ದಿತು. ತೆನೆಯ ಕುತ್ತಿಗೆಗೆ ಬೆಂಕಿ ರೋಗ ತಗಲಿ ಕಾಳೆಲ್ಲ ಜೊಳ್ಳಾಗುತ್ತಿತ್ತು. ಇಂಡಾಫ್ ತಳಿಗಳನ್ನೇ ಪೂರ್ವಜರಾಗಿ ಇಟ್ಟುಕೊಂಡು, ಬೆಂಕಿ ರೋಗವನ್ನು ತಡೆದು ನಿಲ್ಲುವ ಜಿಪಿಯು-28 ಎಂಬ ತಳಿಯನ್ನು 1990ರ ದಶಕದಲ್ಲಿ ಜಿಕೆವಿಕೆಯ ವಿಜ್ಞಾನಿಗಳು ಬಿಡುಗಡೆ ಮಾಡಿದರು. ದೇವನಹಳ್ಳಿ, ಹೊಸಕೋಟೆಗಳ ಬಯಲಿನಲ್ಲಿ ಅದರ ಹೆಸರು ಹೇಳದ ರಾಗಿ ಬೆಳೆಗಾರ ಇಂದು ಸಿಕ್ಕುವುದು ಕಷ್ಟ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಟ್ಟಿಗೆ ಹೊಲಕ್ಕೂ ಪ್ರಯೋಗಶಾಲೆಗೂ ನಡುವಣ ಈ ಹೋಗಿಬರುವ ವ್ಯವಹಾರದ ಠಾಣ್ಯ ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ. 1974ರಲ್ಲಿ ಪುದುಚೇರಿಯಲ್ಲಿ ಮೊದಲ ಕೇಂದ್ರ ತೆರೆದಂದಿನಿಂದ ದೇಶದ ಜಿಲ್ಲೆಗಳಲ್ಲೆಲ್ಲ ಹಬ್ಬಿದ ಈ ಕೇಂದ್ರಗಳಲ್ಲಿ ಭಾಷಣಕ್ಕಿಂತ ಪ್ರಾತ್ಯಕ್ಷಿಕೆಗೆ ಬೆಲೆ ಹೆಚ್ಚು. ರೈತನ ಹೊಲವನ್ನೇ ಎರಡು ತಾಕು ಮಾಡಿ, ಒಂದರಲ್ಲಿ ಅವನ ರೂಢಿಯ ಬೇಸಾಯವನ್ನೂ ಇನ್ನೊಂದರಲ್ಲಿ ಹೊಸ ತಳಿಯನ್ನೂ ಬೆಳೆಸಿ, ಕಟಾವಿನ ಕಾಲಕ್ಕೆ ಸುತ್ತಲಿನವರನ್ನು ಕರೆದು ಕ್ಷೇತ್ರೋತ್ಸವ ನಡೆಸುವರು. ಆ ದಿನ ಬಂದವರ ನಡೆಯನ್ನು ಗಮನಿಸಬೇಕು. ತೆನೆಯೊಂದನ್ನು ಮುರಿದು ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಹೊಟ್ಟು ಹಾರಿಸಿ ಕಾಳಿನ ಬಣ್ಣ ನೋಡುವರು. ಕೂಡಲೇ ಬಗ್ಗಿ ದಂಟನ್ನು ಹಿಡಿದು ಅದರ ಎತ್ತರವನ್ನೂ ಮೃದುತ್ವವನ್ನೂ ಅಳೆಯುವರು. "ಹುಲ್ಲೆಷ್ಟು ಬರ್ತದೆ ಸಾರ್?" ಎಂಬ ಮಾತು ಬಂದೇ ಬರುತ್ತದೆ. ಮನೆಯಲ್ಲಿ ಎರಡು ಹಸು ಕಟ್ಟಿ ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಸಂಸಾರಕ್ಕೆ ರಾಗಿ ಹುಲ್ಲಿನ ಬಣವೆ ಕಾಳಿನ ಮೂಟೆಗಿಂತ ಕಡಮೆಯದಲ್ಲ. ಎಕರೆಗೆ ಇಷ್ಟು ಕ್ವಿಂಟಾಲ್ ಎಂದು ಕಾಳನ್ನಷ್ಟೇ ಅಳೆದ ಕೋಷ್ಟಕವು ಇಂಥ ಮನೆಯ ಅರ್ಧ ಲೆಕ್ಕವನ್ನು ಬಿಟ್ಟಂತೆ. ಅಕ್ಕಡಿ ಸಾಲಿನ ಅವರೆ ತೊಗರಿಗಳನ್ನು ಸೇರಿಸಿದರೆ ಬಿಟ್ಟದ್ದು ಇನ್ನೂ ಹೆಚ್ಚಾದೀತು.

ಬೋಧನೆಗೂ ಈ ಹೊಲದ ಸಂಬಂಧವುಂಟು. ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ವಾಸಮಾಡುವರು. ಗುಡಿಯ ಮುಂದಿನ ಬಯಲಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯುವುದು ಅವರ ಅಭ್ಯಾಸಗಳಲ್ಲೊಂದು. "ಕೆರೆ ಇಲ್ಲಿ ಅಲ್ಲ, ಅಲ್ಲಿ" ಎಂದು ಊರ ಅಜ್ಜಿಯರು ತಿದ್ದಿಕೊಡುವಾಗ ಆ ಹುಡುಗ ಹುಡುಗಿಯರಿಗೆ ದೊರೆಯುವ ಪಾಠ ತರಗತಿಯಲ್ಲಿ ದೊರೆಯಲಾರದು.

ಇಷ್ಟಿದ್ದೂ ವರ್ಷದ ಸಾಧನೆಯನ್ನು ಅಳೆಯುವ ಕೋಲು ಮಾತ್ರ ನನಗೆ ಸಮಾಧಾನ ತಂದಿಲ್ಲ. ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ಶ್ರೇಯಾಂಕ ಪದ್ಧತಿಯಲ್ಲಿ 2023ರಿಂದ ಕೃಷಿಗೂ ಪ್ರತ್ಯೇಕ ವಿಭಾಗವಿದೆ. ಅಲ್ಲಿ ವಿಸ್ತರಣೆಯನ್ನು ನೆನಪಿಸುವ ಹೆಸರಿನ ಅಂಶವೊಂದುಂಟಾದರೂ ಅದು ಲೆಕ್ಕ ಹಾಕುವುದು ಹೊರರಾಜ್ಯದ ವಿದ್ಯಾರ್ಥಿಗಳೆಷ್ಟು, ಮಹಿಳೆಯರೆಷ್ಟು, ಹಿಂದುಳಿದವರೆಷ್ಟು, ಅಂಗವಿಕಲರಿಗೆ ಸೌಕರ್ಯವೇನು ಎಂಬುದನ್ನು. ಇವೆಲ್ಲ ಅವಶ್ಯವಾದ ಪ್ರಶ್ನೆಗಳೇ. ಆದರೆ ಒಂದು ತಳಿ ಹೊಲದಲ್ಲಿ ನಿಂತಿತೇ ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವಿಲ್ಲ. ವಾರ್ಷಿಕ ವರದಿಗಳಾದರೂ ಎಷ್ಟು ತರಬೇತಿ, ಎಷ್ಟು ಪ್ರಾತ್ಯಕ್ಷಿಕೆ, ನವೆಂಬರಿನ ಕೃಷಿಮೇಳಕ್ಕೆ ಎಷ್ಟು ಲಕ್ಷ ಜನ ಎಂಬ ಎಣಿಕೆಯತ್ತಲೇ ಹೆಚ್ಚು ವಾಲುತ್ತವೆ. ಮೇಳಕ್ಕೆ ಬಂದವನು ಒಯ್ದ ಬೀಜ ಮುಂದಿನ ಮುಂಗಾರಿನಲ್ಲಿ ಏನಾಯಿತೆಂಬುದನ್ನು ಕೇಳಲು ಎಣಿಕೆಗಿಂತ ಹೆಚ್ಚಿನ ಶ್ರಮ ಬೇಕು.

ಆ ಶ್ರಮಕ್ಕೆ ನಿದರ್ಶನ ಹಾಡೋನಹಳ್ಳಿಯ ನೆರೆಯಲ್ಲೇ ಇದೆ. ತೂಬಗೆರೆಯ ಸುತ್ತಿನ ಹಲಸಿನ ಮರಗಳು ಹಿಂದೆ ಬದುವಿನ ಮೇಲೆ ತಾವಾಗಿ ಬೆಳೆದು, ಹಣ್ಣು ಬಿದ್ದು ಹೋಗುತ್ತಿದ್ದಂಥವು. ಉತ್ತಮವಾದ ಮರಗಳನ್ನು ಗುರುತಿಸಿ, ಬೆಳೆಗಾರರ ಸಂಘ ಕಟ್ಟಿಕೊಳ್ಳಲು ವಿಶ್ವವಿದ್ಯಾನಿಲಯದವರು ಬೆನ್ನಿಗೆ ನಿಂತರು. ಕೆಂಪು ತೊಳೆಯ ತೂಬಗೆರೆ ಹಲಸು ಈಗ ಬೆಂಗಳೂರಿನ ಮೇಳಗಳಲ್ಲಿ ಊರಿನ ಹೆಸರಿನಿಂದಲೇ ಮಾರಾಟವಾಗುತ್ತದೆ. ಇಂಥ ಕೆಲಸ ಒಂದು ವರ್ಷದ ವರದಿಯಲ್ಲಿ ಮುಗಿಯುವಂಥದಲ್ಲ. ಆದಕಾರಣ ವರದಿಯ ವಿಸ್ತರಣೆಯ ಪ್ರಕರಣದಲ್ಲಿ, ತರಬೇತಿಗಳ ಸಂಖ್ಯೆಯ ಜೊತೆಗೆ, ಆ ವರ್ಷ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ರೈತರು ಕೇಳಿದ ಪ್ರಶ್ನೆಗಳಾವುವು, ಅವುಗಳಲ್ಲಿ ಯಾವುವು ಸಂಶೋಧನೆಯ ವಿಷಯಗಳಾದುವು, ಐದು ವರ್ಷದ ಹಿಂದಿನ ಪ್ರಶ್ನೆಗಳ ಗತಿ ಏನಾಯಿತು ಎಂಬ ಪಟ್ಟಿಯೊಂದನ್ನು ಅಚ್ಚು ಹಾಕಿಸಿ, ಅದರ ಕನ್ನಡ ಪ್ರತಿಯನ್ನು ಹಾಡೋನಹಳ್ಳಿಯ ಕ್ಷೇತ್ರೋತ್ಸವದಲ್ಲಿ ಓದಿ ಹೇಳಬೇಕೆಂಬುದು ನನ್ನ ವಿನಂತಿ. ಹುಲ್ಲಿನ ಪ್ರಶ್ನೆ ಆ ಪಟ್ಟಿಯ ಮೊದಲಲ್ಲಿರಲಿ.