ಟ್ರೈಲರಿಗೆ ರಿವರ್ಸ್ ದೀಪ ಜೋಡಿಸುವುದು

ಅಡಿಕೆ ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆಯ ಟ್ರೈಲರುಗಳು ಕಣದೊಳಕ್ಕೆ ಹಿಂದೆ ಸರಿಯುವುದು ಬಹುಪಾಲು ಕತ್ತಲಾದ ಮೇಲೆಯೇ. ಗೊನೆ ಇಳಿಸಿ, ಒಂದೆಡೆ ಸೇರಿಸಿ, ತುಂಬುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಕಣದಲ್ಲಿ ಸುಲಿಯಲು ಕುಳಿತ ಹೆಂಗಸರು, ಅವರ ಸುತ್ತ ಆಡುವ ಮಕ್ಕಳು, ಬೇಯಿಸುವ ಒಲೆಯ ಬಳಿ ಒಂದಿಬ್ಬರು, ಇಷ್ಟು ಜನ ಟ್ರೈಲರಿನ ಹಿಂದೆ ಇರುತ್ತಾರೆ. ಟ್ರಾಕ್ಟರಿನ ಎರಡು ದೊಡ್ಡ ದೀಪಗಳು ಮಾತ್ರ ತೋಟದ ಕಡೆ ನೋಡುತ್ತಿರುತ್ತವೆ. ಕಳೆದ ಹಂಗಾಮಿನಲ್ಲಿ ನಮ್ಮ ಸದಸ್ಯರೊಬ್ಬರ ಕಣದಲ್ಲಿ ಎಮ್ಮೆಗರುವೊಂದರ ಕಾಲು ಚಕ್ರಕ್ಕೆ ಸಿಕ್ಕಿತು. ಕರುವಿನ ಜಾಗದಲ್ಲಿ ಕೂಸಿದ್ದಿದ್ದರೆ ಎಂದು ಆ ಮನೆಯವರು ಈಗಲೂ ನಡುಗುತ್ತಾರೆ. ಆ ಬಳಿಕ ಅನೇಕ ಸದಸ್ಯರು ಈ ದೀಪದ ವಿಷಯ ವಿಚಾರಿಸುತ್ತಿರುವುದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ ಒಂದು ಮಾತು. ಹಿಂದಿನ ಕೆಂಪು ದೀಪ, ಬ್ರೇಕ್ ದೀಪ, ಪ್ರತಿಫಲಕ ಪಟ್ಟಿ ಇವು ಯಾವುವೂ ಇಲ್ಲದ ಟ್ರೈಲರಿಗೆ ರಿವರ್ಸ್ ದೀಪ ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ ಓಡಾಡಿದವರಿಗೆ ನಾವೇನು ಹೇಳುತ್ತಿದ್ದೇವೆಂದು ಗೊತ್ತು. ಅವನ್ನು ಮೊದಲು ಸರಿಪಡಿಸಿಕೊಂಡು ಅನಂತರ ಇದಕ್ಕೆ ಬನ್ನಿ.

ಕಾನೂನಿನ ಮಾತೂ ಇಷ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನದ ಹಿಂದಕ್ಕೆ ಕೆಂಪು ಬಿಟ್ಟು ಬೇರೆ ಬೆಳಕು ತೋರಿಸಕೂಡದು. ಹಿಂದಕ್ಕೆ ಚಲಿಸುವಾಗ ಉರಿಯುವ ಬಿಳಿ ದೀಪ ಇದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ಒಂದು. ಅಂದರೆ ಗೇರು ಹಿಂದಕ್ಕಿದ್ದಾಗ ಉರಿಯಬೇಕು, ಮುಂದಕ್ಕೆ ಹೊರಟೊಡನೆ ಆರಬೇಕು. ಬಿಳಿ ದೀಪ ಉರಿಸಿಕೊಂಡೇ ರಸ್ತೆಗಿಳಿದರೆ ಹಿಂದಿನಿಂದ ಬರುವ ಮೋಟಾರ್ ಸೈಕಲ್ಲಿನವನ ಕಣ್ಣು ಕುಕ್ಕುತ್ತದೆ; ಅದು ಎದುರಿನಿಂದ ಬರುತ್ತಿರುವ ಗಾಡಿಯೆಂದೂ ಅವನು ತಿಳಿದಾನು.

ಇನ್ನು ಜೋಡಣೆ. ಟ್ರಾಕ್ಟರಿನ ಹಿಂದಿರುವ ಏಳು ಪಿನ್ನಿನ ಸಾಕೆಟ್ಟನ್ನು ಎಲ್ಲರೂ ನೋಡಿದ್ದೀರಿ. ಐಎಸ್‌ಒ 1724 ಎಂಬ ಮಾನಕದಲ್ಲಿ 1 ಎಡಗಡೆಯ ಇಂಡಿಕೇಟರ್, 3 ಅರ್ತ್, 4 ಬಲಗಡೆಯ ಇಂಡಿಕೇಟರ್, 5 ಮತ್ತು 7 ಹಿಂದಿನ ಕೆಂಪು ದೀಪಗಳು, 6 ಬ್ರೇಕ್. ಮಧ್ಯೆ ಉಳಿದ 2ನೆಯದು ಮಂಜಿನ ದೀಪಕ್ಕೆಂದು ಇಟ್ಟದ್ದು. ರಿವರ್ಸಿಗೆ ಇದರಲ್ಲಿ ಜಾಗವೇ ಇಲ್ಲ. ಹೊರದೇಶಗಳಲ್ಲಿ ಇದಕ್ಕಾಗಿ ಎರಡನೆಯ ಸಾಕೆಟ್ಟನ್ನೋ ಹದಿಮೂರು ಪಿನ್ನಿನದನ್ನೋ ಹಾಕುತ್ತಾರೆ. ನಮಗೆ ಅಷ್ಟು ಬೇಕಾಗಿಲ್ಲ. ಖಾಲಿ ಇದ್ದರೆ 2ನೆಯ ಪಿನ್ನೇ ಸಾಕು. ಆದರೆ ಖಾಲಿ ಇದೆಯೆಂದು ನಂಬಿ ಕೂರಬೇಡಿ. ನಮ್ಮ ಮೆಕ್ಯಾನಿಕರು ಕೈಗೆ ಸಿಕ್ಕಿದ ಬಣ್ಣದ ವೈರನ್ನು ಸಿಕ್ಕಿದ ಪಿನ್ನಿಗೆ ಸುತ್ತಿರುವುದುಂಟು. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಅರ್ತ್‌ಗೆ ಹಿಡಿದು, ಒಂದೊಂದೇ ಸ್ವಿಚ್ ಹಾಕಿಸುತ್ತ ಏಳನ್ನೂ ಮುಟ್ಟಿ ನೋಡಿ ಬರೆದಿಟ್ಟುಕೊಳ್ಳಿ.

ಟ್ರೈಲರನ್ನು ನೆರೆಯವರಿಗೆ ಕೊಟ್ಟು ತರುವ ರೂಢಿ ಇದ್ದವರು 2ನೆಯ ಪಿನ್ನಿನ ಗೋಜಿಗೆ ಹೋಗದಿರುವುದು ಮೇಲು. ಅವರ ಟ್ರಾಕ್ಟರಿನಲ್ಲಿ ಆ ಪಿನ್ನಿಗೆ ಸದಾ ಕರೆಂಟು ಬರುವಂತಿದ್ದರೆ ದಾರಿಯುದ್ದಕ್ಕೂ ನಿಮ್ಮ ಬಿಳಿ ದೀಪ ಉರಿಯುತ್ತದೆ. ಅಂಥವರು ರಿವರ್ಸಿಗೆ ಮಾತ್ರ ಎರಡು ಪಿನ್ನಿನ ಬೇರೆ ಸಾಕೆಟ್ ಹಾಕಿಕೊಳ್ಳಲಿ.

ದೀಪ ಹೊತ್ತಿಸುವ ಸ್ವಿಚ್ಚಿನ ಬಗ್ಗೆ ಜನರಲ್ಲಿ ಎರಡು ಅಭಿಪ್ರಾಯಗಳಿವೆ. ಕೈಯಿಂದ ಹಾಕುವ ಸಾಧಾರಣ ಸ್ವಿಚ್ ಅಗ್ಗ, ಹತ್ತು ನಿಮಿಷದ ಕೆಲಸ. ಆದರೆ ಹಾಕಲು ಮರೆಯುತ್ತಾರೆ, ಆರಿಸಲು ಇನ್ನೂ ಹೆಚ್ಚಾಗಿ ಮರೆಯುತ್ತಾರೆ. ಗೇರ್ ಸನ್ನೆ ರಿವರ್ಸಿಗೆ ಬಂದಾಗ ತಾನಾಗಿ ಒತ್ತಿಕೊಳ್ಳುವ ಸ್ವಿಚ್ಚೇ ನಮ್ಮ ಆಯ್ಕೆ. ನಿಮ್ಮ ಟ್ರಾಕ್ಟರಿನ ಗೇರ್ ಪೆಟ್ಟಿಗೆಯಲ್ಲಿ ಇದಕ್ಕೆ ಜಾಗವಿಲ್ಲದಿದ್ದರೆ ಸನ್ನೆಯ ಪಕ್ಕದಲ್ಲೊಂದು ಪಟ್ಟಿ ಬಿಗಿದು, ರಿವರ್ಸಿನಲ್ಲಿ ಮಾತ್ರ ತಾಗುವಂತೆ ಸ್ವಿಚ್ ಕೂರಿಸಬಹುದು. ಕೈಸ್ವಿಚ್ಚೇ ಸಾಕೆನ್ನುವವರು ಅದರ ಜೊತೆಗೆ ಚಾಲಕನ ಕಣ್ಣಿಗೆ ಬೀಳುವಂತೆ ಒಂದು ಪುಟ್ಟ ಸೂಚಕ ದೀಪವನ್ನಾದರೂ ಹಾಕಿಸಲಿ.

ಲೆಕ್ಕ ಕಷ್ಟದ್ದಲ್ಲ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 21 ವಾಟಿನ ಎರಡು ಬಲ್ಬುಗಳಿಗೆ 42 ವಾಟ್; 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್. ಗೇರಿನ ಬಳಿಯ ಸಣ್ಣ ಸ್ವಿಚ್ಚು ಇಷ್ಟನ್ನು ದಿನವೂ ಹೊತ್ತರೆ ಬೇಗ ಸುಟ್ಟುಹೋದೀತು. ಆದುದರಿಂದ ನಡುವೆ ಒಂದು ರಿಲೇ ಇರಲಿ. ರಿಲೇಯ 30ನೆಯ ಕಾಲಿಗೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬರುವ ವೈರು, 87ರಿಂದ ಸಾಕೆಟ್ಟಿಗೆ, 86ಕ್ಕೆ ರಿವರ್ಸ್ ಸ್ವಿಚ್ಚಿನಿಂದ, 85 ಅರ್ತ್‌ಗೆ. ಆ ಸ್ವಿಚ್ಚಿಗೆ ಕರೆಂಟು ಚಾವಿ ತಿರುಗಿಸಿದ ಮೇಲಷ್ಟೇ ಬರುವಂತೆ ಕೊಡಬೇಕು. ಫ್ಯೂಸು 7.5 ಆಂಪಿಯರಿನದು ಸಾಕು. ಅದನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಇಡಿ. ಕೊಂಡಿಯ ಬಳಿ ಉಜ್ಜಿ ಸಿಪ್ಪೆ ಸುಲಿದ ವೈರು ಕಬ್ಬಿಣಕ್ಕೆ ತಾಗಿದಾಗ ಮೊದಲು ಹೋಗಬೇಕಾದ್ದು ಫ್ಯೂಸು. ಫ್ಯೂಸಿಲ್ಲದಿದ್ದರೆ ವೈರೇ ಕೆಂಪಗೆ ಕಾಯುತ್ತದೆ, ಅಕ್ಕಪಕ್ಕದಲ್ಲಿರುವುದು ಒಣಗಿದ ಅಡಿಕೆ ಸೋಗೆ.

ವೈರಿನ ದಪ್ಪದಲ್ಲಿ ಕಂಜೂಸುತನ ಬೇಡ. ಬ್ಯಾಟರಿಯಿಂದ ಟ್ರೈಲರಿನ ಕೊನೆಗೆ 7 ಮೀಟರ್ ಎಂದುಕೊಂಡರೆ ಹೋಗಿ ಬರಲು 14 ಮೀಟರ್. 1 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಈ ಮೂರೂವರೆ ಆಂಪಿಯರ್ ಹರಿದರೆ ಸುಮಾರು 0.8 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. ಅಷ್ಟೇನಾ ಎನ್ನಬೇಡಿ, ತಂತಿ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುವುದರಿಂದ ಬೆಳಕಿನ ಐದರಲ್ಲೊಂದು ಪಾಲು ಹೋದಂತೆ. 2.5ರ ವೈರಿನಲ್ಲಿ ನಷ್ಟ ಸುಮಾರು 0.3 ವೋಲ್ಟ್ ಮಾತ್ರ. ಎಲ್‌ಇಡಿ ದೀಪ ಹಾಕುವವರಿಗೆ ಈ ಚಿಂತೆ ಕಡಿಮೆ. 10 ವಾಟಿನ ಎರಡಕ್ಕೆ 1.7 ಆಂಪಿಯರ್ ಸಾಕು. ಆದರೆ ಅದಕ್ಕೆ ಪ್ಲಸ್ ಮೈನಸ್ ಅದಲುಬದಲಾಗಕೂಡದು. ಬಹಳ ಹಳೆಯ ಕೆಲವು ಟ್ರಾಕ್ಟರುಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನೇ ಚಾಸಿಗೆ ಕೊಟ್ಟಿರುವುದುಂಟು, ನೋಡಿಕೊಳ್ಳಿ. ದೂರಕ್ಕೆ ಹೊಡೆಯುವ ದೀಪ ಬೇಡ, ಬೆಳಕು ಅಗಲವಾಗಿ ಹರಡುವಂಥದು ಬೇಕು.

ಅರ್ತ್ ವಿಷಯಕ್ಕೆ ಬಂದರೆ, ದೀಪ ಕೈಕೊಟ್ಟಾಗ ಮೊದಲು ಸಂಶಯಪಡಬೇಕಾದ್ದು ಇದನ್ನೇ. ಕೊಂಡಿಯ ಕಬ್ಬಿಣದ ಮೂಲಕವೇ ಅರ್ತ್ ಸಿಗುತ್ತದೆಂದು ಅನೇಕರು ಬೇರೆ ವೈರು ಎಳೆಯುವುದಿಲ್ಲ. ಕೊಂಡಿಯಲ್ಲಿರುವುದು ತುಕ್ಕು, ಗ್ರೀಸು, ಕೆಸರು. ಗಾಡಿ ಕುಲುಕಿದಂತೆಲ್ಲ ಸಂಪರ್ಕ ಬಂದು ಹೋಗುತ್ತದೆ. ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗಿ ಉರಿಯುವ ಟ್ರೈಲರನ್ನು ನೋಡಿದ್ದೀರಲ್ಲ, ಅದು ಅರ್ತ್ ಕೆಟ್ಟದ್ದರ ಗುರುತು. 3ನೆಯ ಪಿನ್ನಿನಿಂದ ಪ್ರತಿ ದೀಪದವರೆಗೂ ಅರ್ತ್ ವೈರನ್ನೇ ಎಳೆಯಿರಿ.

ದೀಪಗಳನ್ನು ಚಾಸಿಯ ಹಿಂದಿನ ಅಡ್ಡಪಟ್ಟಿಗೆ, ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ಸ್ವಲ್ಪ ಕೆಳಮುಖವಾಗಿ ಬಿಗಿಯಿರಿ. ಎತ್ತಿ ಸುರಿಯುವ ಟ್ರೈಲರಾದರೆ ತೊಟ್ಟಿಗೆ ಬಿಗಿಯಬೇಡಿ. ಹಿಂದಿನ ಬಾಗಿಲು ಇಳಿಬಿದ್ದಾಗ ದೀಪಕ್ಕೆ ಬಡಿಯದಂತೆ ಒಳಗೆ ಸರಿಸಿ. ದೋಣಿ ಸಾಗಿಸುವ ಟ್ರೈಲರುಗಳು ಹಿಮ್ಮುಖವಾಗಿಯೇ ನೀರಿಗಿಳಿಯುತ್ತವೆ. ಕಾದ ಬಲ್ಬಿಗೆ ತಣ್ಣೀರು ತಾಗಿದರೆ ಗಾಜು ಒಡೆಯುತ್ತದೆಂದು ಅವರು ಇಳಿಸುವ ಮುನ್ನ ಪ್ಲಗ್ಗನ್ನು ಕಿತ್ತಿಡುತ್ತಾರೆ. ಗೋಡು ಹೊಡೆಯಲು ಕೆರೆಯಂಗಳದ ಕೆಸರಿಗೆ ಇಳಿಯುವ ನಮ್ಮವರಿಗೂ ಇದು ಕಲಿಯತಕ್ಕ ಪಾಠ. ಹಾಗೆಯೇ ವೈರಿನ ಕೂಡುಗಳನ್ನು ಬರೀ ಟೇಪು ಸುತ್ತಿ ಬಿಡದೆ, ಬೆಸುಗೆ ಹಾಕಿ, ಕಾಯಿಸಿದರೆ ಬಿಗಿಯುವ ಕೊಳವೆ ತೊಡಿಸಿ.

ಮಲೆನಾಡಿನಲ್ಲಿ ಕಾಫಿ ತೋಟವುಳ್ಳ ಸದಸ್ಯರು ಇಳಿಜಾರು ದಾರಿಯಲ್ಲಿ ಹಿಂದೆ ಬರಬೇಕಾಗುವುದರಿಂದ ರಿವರ್ಸ್ ಹಾರ್ನನ್ನೂ ಇದೇ ವೈರಿಗೆ ಸೇರಿಸಿಕೊಳ್ಳಬಹುದು. ಗೊನೆಯ ರಾಶಿ ಅಡ್ಡ ಇರುವಾಗ ದೀಪ ಎಷ್ಟು ಉರಿದರೂ ಚಾಲಕನಿಗೆ ಹಿಂಬದಿ ಕಾಣುವುದಿಲ್ಲ. ದೀಪ ಎಚ್ಚರಿಸುವುದು ಹಿಂದಿದ್ದವರನ್ನು. ಆದ್ದರಿಂದ ಒಬ್ಬ ಆಳು ಚಾಲಕನ ಕಣ್ಣಿಗೆ ಬೀಳುವಂತೆ ಪಕ್ಕದಲ್ಲಿ ನಿಂತು ಹೇಳುತ್ತಿರಲಿ, ನೇರ ಹಿಂದೆ ನಿಲ್ಲುವುದು ಬೇಡ. ಅವನು ಕಣ್ಮರೆಯಾದ ಕ್ಷಣ ಗಾಡಿ ನಿಲ್ಲಬೇಕು.

ಟೆಸ್ಟ್ ಲ್ಯಾಂಪ್ ಇಲ್ಲದವರು ಸಂಘದ ಗೋದಾಮಿನಲ್ಲಿರುವುದನ್ನು ಪುಸ್ತಕದಲ್ಲಿ ರುಜು ಹಾಕಿ ಒಯ್ಯಬಹುದು. ಎರಡು ದಿನದೊಳಗೆ ಹಿಂತಿರುಗಿಸಬೇಕು.