ಹಸ್ತಪ್ರತಿಯಿಂದ ಅಚ್ಚಿಗೆ: ಟೇಲರನ ಬರಹಗಳ ಪರಿಷ್ಕರಣೆ ಮತ್ತು ಸುರಪುರದ ಮೌಖಿಕ ಆಕರ

ಯಾದಗಿರಿ ಜಿಲ್ಲೆಯ ಸುರಪುರ ಹಾಗೂ ಅದಕ್ಕೆ ಹೊಂದಿಕೊಂಡಿರುವ ರಂಗಂಪೇಟೆಯ ಪರಿಸರದಲ್ಲಿ ಫಿಲಿಪ್ ಮೆಡೋಸ್ ಟೇಲರನ ಹೆಸರು ಇಂದಿಗೂ ಉಳಿದಿದೆ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅದರ ಕುರುಹು. 1841ರಿಂದ 1853ರವರೆಗೆ ಇಲ್ಲಿನ ಬೇಡ ನಾಯಕರ ಸಂಸ್ಥಾನದ ಮೇಲ್ವಿಚಾರಣೆ ನಡೆಸಿದ ಈ ಅಧಿಕಾರಿಯ ಆತ್ಮಕಥೆಯನ್ನು ಸ್ಥಳೀಯ ಚರಿತ್ರೆಯ ಪ್ರಮುಖ ಆಕರವೆಂದು ಉಲ್ಲೇಖಿಸುವುದು ರೂಢಿಯಾಗಿದೆ. ಆದರೆ ಆ ಪುಟಗಳು ಅಚ್ಚಾಗುವ ಮುನ್ನ ಯಾರ ಯಾರ ಕೈದಾಟಿ ಬಂದವು ಎಂಬ ವಿಚಾರಣೆ ಅಪರೂಪ.

ಲೇಖಕನಿಗೂ ಪ್ರಕಾಶಕನಿಗೂ ನಡುವೆ ನಿಂತು ಹಸ್ತಪ್ರತಿಯನ್ನು ತಿದ್ದಿಸುವ ವೃತ್ತಿಪರ ಮಧ್ಯವರ್ತಿ ಲಂಡನ್ನಿನಲ್ಲಿ ನೆಲೆಯೂರಿದ್ದು ಎ.ಪಿ. ವಾಟ್ ಮೊದಲಾದವರಿಂದ, 19ನೆಯ ಶತಮಾನದ ಕೊನೆಯ ದಶಕಗಳಲ್ಲಿ. ಟೇಲರನ ಕಾಲಕ್ಕೆ ಆ ಕೆಲಸವನ್ನು ಬಂಧುಗಳು, ಪತ್ರಿಕಾ ಸಂಪಾದಕರು ಮಾಡುತ್ತಿದ್ದರು. 1833ರಲ್ಲಿ ಥಗ್ಗರನ್ನು ಕುರಿತ ಅವನ ಲೇಖನವು ಬುಲ್ವರ್ ಸಂಪಾದಿಸುತ್ತಿದ್ದ ನ್ಯೂ ಮಂತ್ಲಿ ಮ್ಯಾಗಝೀನಿನಲ್ಲಿ ಪ್ರಕಟವಾಯಿತು. ಈ ಸಾಮಗ್ರಿ ಕಾದಂಬರಿಗೆ ತಕ್ಕದ್ದೆಂಬ ಮಾತು ಬುಲ್ವರನಿಂದಲೇ ಬಂದಿತು. 1839ರಲ್ಲಿ ಬೆಂಟ್ಲಿ ಪ್ರಕಟಿಸಿದ ‘ಕನ್‌ಫೆಷನ್ಸ್ ಆಫ್ ಎ ಥಗ್’ ಮೂರು ಸಂಪುಟಗಳ ಕೃತಿ. ಅಂದಿನ ಇಂಗ್ಲಿಷ್ ಮಾರುಕಟ್ಟೆ ಬಯಸುತ್ತಿದ್ದ ಅಳತೆಯೂ ಅದೇ. ಕರಡು ಹಾಳೆಗಳು ತಿದ್ದಿ ಮುಗಿದಂತೆಲ್ಲ ವಿಕ್ಟೋರಿಯಾ ರಾಣಿಯು ಅವನ್ನು ತರಿಸಿಕೊಂಡಳೆಂದು ಟೇಲರನು ಹೆಮ್ಮೆಯಿಂದ ನೆನೆದಿದ್ದಾನೆ. ಸೆರೆಯಾದವರು ಬಾಯಿಬಿಟ್ಟು ಹೇಳಿದ ಮಾತು ಹೀಗೆ ಅರಮನೆಯ ಓದಿಗೆ ಸಿದ್ಧವಾಯಿತು. ಆ ಹೇಳಿಕೆಗಳ ಮೂಲ ಲಯ ಇದರಲ್ಲಿ ಎಷ್ಟು ಉಳಿದಿರಬಹುದೆಂಬುದು ಜಾನಪದ ವಿದ್ವಾಂಸರು ಕೇಳಲೇಬೇಕಾದ ಪ್ರಶ್ನೆ.

ಆತ್ಮಕಥೆಯ ವಿಷಯ ಇನ್ನಷ್ಟು ಜಟಿಲವಾದುದು. 1875ರ ಹೊತ್ತಿಗೆ ಟೇಲರನ ದೃಷ್ಟಿ ಮಂದವಾಗಿತ್ತು. 1876ರಲ್ಲಿ ಅವನು ತೀರಿಕೊಂಡನು. ‘ದಿ ಸ್ಟೋರಿ ಆಫ್ ಮೈ ಲೈಫ್’ 1877ರಲ್ಲಿ ಹೊರಬಂದಾಗ ಅದರ ಸಂಪಾದಕಿ ಅವನ ಮಗಳು. ಮುನ್ನುಡಿ ಬರೆದವನು ‘ಎಡಿನ್‌ಬರೋ ರಿವ್ಯೂ’ ಸಂಪಾದಕನೂ ಬಂಧುವೂ ಆಗಿದ್ದ ಹೆನ್ರಿ ರೀವ್. ಅಂತಿಮ ರೂಪವನ್ನು ಲೇಖಕನು ನೋಡಲಿಲ್ಲ.

ಇದರ ಪರಿಣಾಮವನ್ನು ರಾಜಾ ವೆಂಕಟಪ್ಪನಾಯಕನ ಪ್ರಸಂಗದಲ್ಲಿ ಗುರುತಿಸಬಹುದು. ರಾಜನು ತನ್ನ 24ನೆಯ ವಯಸ್ಸಿನಲ್ಲಿ ಮಡಿಯುವನೆಂದು ಜಾತಕ ಬಲ್ಲವರು ಮೊದಲೇ ತಿಳಿಸಿದ್ದರೆಂದು ಟೇಲರನು ಹೇಳುತ್ತಾನೆ. 1858ರಲ್ಲಿ ಸೆರೆಯಾಳಾಗಿ ಹೈದರಾಬಾದಿನಿಂದ ಸಾಗುವಾಗ ಪಿಸ್ತೂಲಿನ ಗುಂಡಿನಿಂದ ರಾಜನು ಮೃತನಾದನು. ನುಡಿದ ಭವಿಷ್ಯ, ಗುಟ್ಟನ್ನು ಕಾಯುವ ಹಿರಿಯ, ನಿಜವಾಗುವ ಮಾತು: ಇದು ನಮ್ಮ ರಾಜಕಥನಗಳ ಪರಿಚಿತ ಆಶಯ. ಘಟನೆಗೂ ಮುದ್ರಣಕ್ಕೂ ನಡುವೆ ಸುಮಾರು ಎರಡು ದಶಕಗಳಿವೆ. ಟೇಲರನು ಕೇಳಿದ್ದನ್ನೇ ಬರೆದನೋ, ನೆನಪು ಅದಕ್ಕೆ ಕಥೆಯ ಅಚ್ಚುಕಟ್ಟು ಕೊಟ್ಟಿತೋ, ಮಗಳ ಲೇಖನಿ ಅದನ್ನು ನಯಗೊಳಿಸಿತೋ ಎಂಬುದನ್ನು ಅಚ್ಚಾದ ಪಾಠವೊಂದರಿಂದಲೇ ನಿರ್ಣಯಿಸಲಾಗದು.

ಆದರೂ ತಿದ್ದುಪಡಿ ಮುಟ್ಟದ ಒಂದು ಅಂಶವಿದೆ. ರಾಜನು ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಇಂಗ್ಲಿಷ್ ಪುಟಗಳಲ್ಲಿಯೂ ಆ ಪದ ಕನ್ನಡವಾಗಿಯೇ ಉಳಿದಿದೆ. ಆತ್ಮಕಥೆಯಲ್ಲಿ ಸ್ಥಳೀಯ ಆಡುಮಾತು ಜರಡಿ ಹಿಡಿಯದೆ ಬಂದಿರುವ ಇಂಥ ತಾಣಗಳನ್ನು ಮೊದಲು ಗುರುತಿಸಿ, ಸುರಪುರ-ರಂಗಂಪೇಟೆಗಳ ಹಿರಿಯರ ಕಥನಗಳೊಡನೆ ಅವನ್ನು ಹೋಲಿಸುವ ಕಾರ್ಯ ನಡೆಯಬೇಕಾಗಿದೆ.