ಶಿಪ್ಕಾ ಘಾಟಿಯ ಹಿಮದಲ್ಲಿ 24ನೇ ಡಿವಿಷನ್

1877ರ ಡಿಸೆಂಬರ್, ರಷ್ಯಾ-ತುರ್ಕಿ ಯುದ್ಧದ ಕಾಲ. ಬಾಲ್ಕನ್ ಬೆಟ್ಟಸಾಲಿನ ಶಿಪ್ಕಾ ಘಾಟಿಯ ನೆತ್ತಿಯಲ್ಲಿ ಗಾಳಿಗೆ ಬಿಡುವೇ ಇಲ್ಲ. ಹಗಲೆಲ್ಲ ಕವಿಯುವ ಮಂಜು ಸಿಪಾಯಿಯ ನೀಳ ಉಣ್ಣೆಕೋಟನ್ನು ತೋಯಿಸುತ್ತದೆ. ಇರುಳಾಗುತ್ತಲೇ ಅದೇ ಕೋಟು ಹೆಪ್ಪುಗಟ್ಟಿ ಹಲಗೆಯಂತೆ ಸೆಟೆಯುತ್ತದೆ. ಬಗ್ಗಿಸಹೋದರೆ ಅಂಚು ಮುರಿಯುತ್ತದೆ. ತಲೆಗೆ ಸುತ್ತಿದ ಮುಸುಕು ಗಡ್ಡಕ್ಕೆ ಅಂಟಿಕೊಂಡು ಬಿಚ್ಚಲು ಬರುವುದಿಲ್ಲ. ಮುಂಚೂಣಿಯ ಕಂದಕದಲ್ಲಿ ಬೆಂಕಿ ಹಾಕುವಂತಿಲ್ಲ. ಎದುರಿನ ಗುಡ್ಡದಲ್ಲಿ ತುರ್ಕಿ ಫಿರಂಗಿಗಳಿವೆ. ಗಾಬ್ರೊವೊ ಊರಿನ ಕಡೆಯಿಂದ ಹೊತ್ತು ತಂದ ಊಟ ಮೇಲೆ ತಲುಪುವಷ್ಟರಲ್ಲಿ ಆರಿ ತಣ್ಣಗಾಗಿರುತ್ತದೆ.

ಆ ಚಳಿಗಾಲದಲ್ಲಿ ಬೆಟ್ಟ ಕಾಯಲು ಬಂದದ್ದು ಜಾರ್ ಸೇನೆಯ 24ನೇ ಪದಾತಿ ಡಿವಿಷನ್. ಇರ್ಕುಟ್ಸ್ಕ್, ಯೆನಿಸೈ, ಕ್ರಾಸ್ನೊಯಾರ್ಸ್ಕ್, ಓಮ್ಸ್ಕ್ ಎಂಬ ನಾಲ್ಕು ರೆಜಿಮೆಂಟುಗಳು ಅದರಲ್ಲಿದ್ದವು. ಎಲ್ಲವೂ ಸೈಬೀರಿಯಾದ ಹೆಸರುಗಳೇ. ಆದರೆ ಬರಿಯ ಹೆಸರಿನಿಂದ ಮೈ ಬೆಚ್ಚಗಾದೀತೆ? ಕುರಿಚರ್ಮದ ಕೋಟು ಬೇಕಿತ್ತು, ದಪ್ಪ ಬೂಟು ಬೇಕಿತ್ತು. ಅವನ್ನು ಒದಗಿಸಬೇಕಾದ ಇಲಾಖೆ ತೀರ ತಡಮಾಡಿತು. ಸೆಪ್ಟೆಂಬರಿನಿಂದ ಡಿಸೆಂಬರ್ ಕೊನೆಯವರೆಗೆ ಶಿಪ್ಕಾ ಪಡೆಯಲ್ಲಿ ಕಾದಾಟದಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು 700 ಮಂದಿ. ಕಾಯಿಲೆ ಬಿದ್ದವರು ಸುಮಾರು 9,500. ಅತಿ ಹೆಚ್ಚು ನಲುಗಿದ್ದು ಈ 24ನೇ ಡಿವಿಷನ್. ಬೆಟ್ಟದ ಮೇಲಿದ್ದ ಅದರ ರೆಜಿಮೆಂಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಸಿಗೆ ಹಿಡಿದರು. ಕೊನೆಗೆ ಡಿವಿಷನ್ನನ್ನೇ ಬೆಟ್ಟದಿಂದ ಇಳಿಸಬೇಕಾಯಿತು.

ಇತ್ತ ಸೇನಾನಿ ರಾಡೆಟ್‌ಸ್ಕಿಯ ಠಾಣ್ಯದಿಂದ ಹೋಗುತ್ತಿದ್ದ ತಂತಿ ಮಾತ್ರ ಒಂದೇ: ಶಿಪ್ಕಾದಲ್ಲಿ ಎಲ್ಲವೂ ಶಾಂತ. ಆ ಮಾತನ್ನೇ ತಲೆಬರಹ ಮಾಡಿಕೊಂಡು ಕಲಾವಿದ ವಾಸಿಲಿ ವೆರೆಷ್ಚಾಗಿನ್ ಮೂರು ಚಿತ್ರಗಳನ್ನು ಬರೆದ. ಯುದ್ಧಕ್ಕೆ ತುಸು ಮೊದಲಷ್ಟೇ ಭಾರತದಲ್ಲಿ ಸುತ್ತಾಡಿ ತಾಜಮಹಲನ್ನು ಬಣ್ಣದಲ್ಲಿ ಹಿಡಿದಿದ್ದವನು ಇವನೇ. ಈ ಯುದ್ಧದಲ್ಲಿ ತಾನೂ ಗಾಯಗೊಂಡ, ಪ್ಲೆವ್ನಾದ ಕಾಳಗದಲ್ಲಿ ತಮ್ಮನನ್ನು ಕಳೆದುಕೊಂಡ. ಮೊದಲ ಚಿತ್ರದಲ್ಲಿ ಕಾವಲುಗಾರ ಹಿಮಗಾಳಿಗೆ ಎದುರಾಗಿ ನಿಂತಿದ್ದಾನೆ. ಎರಡನೆಯದರಲ್ಲಿ ಮುದುಡಿ ಕುಸಿಯುತ್ತಿದ್ದಾನೆ. ಮೂರನೆಯದರಲ್ಲಿ ಹಿಮದ ಗುಪ್ಪೆ. ಸೇನಾಪತಿಗಳ ನೆನಪಿನ ಹೊತ್ತಗೆಗಳೆಲ್ಲವನ್ನೂ ಒಂದು ಕಡೆ ಇಟ್ಟರೂ ಈ ಮೂರು ಚಿತ್ರಗಳ ಸತ್ಯಕ್ಕೆ ಸಮನಾಗವು ಎಂದು ನಾನು ನಂಬಿದ್ದೇನೆ.

1878ರ ಜನವರಿ 9ರಂದು ಶಿಪ್ಕಾದ ತುರ್ಕಿ ಸೇನಾನಿ ವೆಸ್ಸೆಲ್ ಪಾಷಾ ಶರಣಾದ. ಮಾರ್ಚ್ 3ಕ್ಕೆ ಯುದ್ಧ ಮುಗಿಸಿದ ಸಾನ್ ಸ್ಟೆಫಾನೊ ಒಪ್ಪಂದವಾಯಿತು. ತುರ್ಕಿ ಆಳ್ವಿಕೆಯಿಂದ ಬಿಡುಗಡೆಯ ದಿನವೆಂದು ಬಲ್ಗೇರಿಯಾ ಇಂದಿಗೂ ಅದನ್ನು ರಾಷ್ಟ್ರೀಯ ಹಬ್ಬವಾಗಿ ಆಚರಿಸುತ್ತದೆ.

ಡಿವಿಷನ್ನಿನ ಬಾಳು ಅಲ್ಲಿಗೆ ಮುಗಿಯಲಿಲ್ಲ. ಮುಂದೆ ವಾಯವ್ಯ ರಷ್ಯಾದ ಪ್ಸ್ಕೋವ್ ಅದರ ನೆಲೆಯಾಯಿತು. 1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅದು ಸೇನಾನಿ ಸ್ಯಾಮ್ಸೊನೊವ್‌ನ ಎರಡನೇ ಸೇನೆಯ ಒಂದನೇ ಕೋರಿನೊಡನೆ ಪೂರ್ವ ಪ್ರಷ್ಯಾದ ಗಡಿಗೆ ನಡೆಯಿತು. ಟಾನೆನ್‌ಬರ್ಗ್ ಕಾಳಗದಲ್ಲಿ ಆ ಕೋರು ಉಸ್ಡೌ ಬಳಿ ಹಿಮ್ಮೆಟ್ಟಿತು. ಸ್ಯಾಮ್ಸೊನೊವ್ ಕಾಡಿನಲ್ಲಿ ತನ್ನ ಮೇಲೆ ತಾನೇ ಗುಂಡು ಹಾರಿಸಿಕೊಂಡ. ಮೂರೂವರೆ ವರ್ಷ ಕಳೆಯುವಷ್ಟರಲ್ಲಿ ಜಾರ್ ಸೇನೆಯೇ ಇಲ್ಲವಾಯಿತು.

ಬೆಟ್ಟದ ಬುಡದ ಶಿಪ್ಕಾ ಊರಿನಲ್ಲಿ 1902ರಲ್ಲಿ ತೆರೆದ ಸ್ಮಾರಕ ಚರ್ಚಿದೆ. ಚಿನ್ನದ ಗುಮ್ಮಟಗಳು ದೂರದಿಂದಲೇ ಹೊಳೆಯುತ್ತವೆ. ಒಳಗಿನ ಅಮೃತಶಿಲೆಯ ಫಲಕಗಳಲ್ಲಿ ಮಡಿದವರನ್ನು ನೆನೆದಿದ್ದಾರೆ. ಬಲ್ಗೇರಿಯಾಕ್ಕೆ ಹೋಗುವವರು ಗುಮ್ಮಟದ ಫೋಟೊ ತೆಗೆದು ಹಿಂದಿರುಗದೆ, ಒಳಗೆ ಹೋಗಿ ಆ ಫಲಕಗಳನ್ನೂ ಓದಿ ಬನ್ನಿ.